ತಡೆಯುವಷ್ಟು ಬಿಸಿ

ಆ ಹಾಳೆಯನ್ನು ಬರೆದವಳು ನಾನೇ. ಹಿಮ್ಮಡಿ ನೋವಿನವರು ಮನೆಯಲ್ಲಿ ಏನೇನು ಮಾಡಿಕೊಳ್ಳಬೇಕು ಎಂಬುದನ್ನು ಅದರಲ್ಲಿ ಒಂದರ ಕೆಳಗೊಂದು ಬರೆದಿದ್ದೆ. ಮೂರನೆಯದು ಹೀಗಿತ್ತು: ‘ದಿನಕ್ಕೆ ಎರಡು ಸಲ, ತಡೆಯುವಷ್ಟು ಬಿಸಿ ಇರುವ ನೀರಿನಲ್ಲಿ ಹತ್ತು ನಿಮಿಷ ಪಾದ ಇಟ್ಟುಕೊಳ್ಳಿ.’ ಮೊದಲ ಪ್ರತಿಯಲ್ಲಿ ಡಿಗ್ರಿ ಲೆಕ್ಕ ಹಾಕಿದ್ದೆ. ನೀರಿನ ಶಾಖ ಅಳೆಯುವ ಸಾಧನ ಯಾರ ಮನೆಯಲ್ಲಿರುತ್ತದೆ ಎನಿಸಿ ಅದನ್ನು ಹೊಡೆದುಹಾಕಿ, ನಮ್ಮಮ್ಮ ಸ್ನಾನದ ನೀರಿಗೆ ಹೇಳುತ್ತಿದ್ದ ಮಾತನ್ನೇ ಬರೆದೆ. ಓದಿದವರಿಗೂ ಓದದವರಿಗೂ ತಿಳಿಯುವ ಮಾತು ಸಿಕ್ಕಿತು ಎಂದು ಅವತ್ತು ಖುಷಿಯಾಗಿತ್ತು.

ನಾನು ಫಿಸಿಯೋಥೆರಪಿಸ್ಟ್. ಮನೆ ಚಿಂತಾಮಣಿಯಲ್ಲಿ, ಕೆಲಸ ಶಿಡ್ಲಘಟ್ಟದಲ್ಲಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುತ್ತೇನೆ. ನಮ್ಮ ಕ್ಲಿನಿಕ್ಕು ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದೆ. ಮಂಡಿ ನೋವಿನವರು ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ ಮೊದಲು ನಮ್ಮನ್ನು ಬೈದು, ಆಮೇಲೆ ಕುರ್ಚಿಯಲ್ಲಿ ಕೂರುತ್ತಾರೆ. ಬರುವವರಲ್ಲಿ ಅರ್ಧದಷ್ಟು ಜನ ರೇಷ್ಮೆಯ ಕೆಲಸದವರು. ಹಿಪ್ಪುನೇರಳೆ ಸೊಪ್ಪು ಹೊತ್ತ ಹೆಗಲು, ಗೂಡು ಬಿಡಿಸುತ್ತಾ ಬಗ್ಗಿದ ಬೆನ್ನು, ಬಿಸಿನೀರಲ್ಲಿ ಗೂಡು ಅದ್ದಿ ನೂಲು ತೆಗೆಯುವ ಬೇಸಿನ್ನಿನ ಮುಂದೆ ದಿನವಿಡೀ ಒದ್ದೆ ನೆಲದಲ್ಲಿ ನಿಂತ ಕಾಲು.

ಕಾಲೇಜಿನಲ್ಲಿ ನಮಗೊಂದು ಪಾಠವಿತ್ತು. ನೋವಿಗೆಂದು ಬಂದವರ ನೋವನ್ನಷ್ಟೇ ನೋಡಬೇಡಿ, ಅವರ ಊಟ, ನಿದ್ದೆ, ನಡಿಗೆ, ತಂಬಾಕು, ಬಿಪಿ, ಶುಗರ್ ಎಲ್ಲವನ್ನೂ ಮಾತಿನ ನಡುವೆ ವಿಚಾರಿಸಿ. ಒಂದು ಅಂಗಕ್ಕೆ ಚಿಕಿತ್ಸೆ ಕೊಡುವಾಗಲೇ ಇಡೀ ಮನುಷ್ಯನ ಆರೋಗ್ಯ ಕಾಯುವುದು ನಿಮ್ಮ ಕೆಲಸ ಎಂದು. ಪರೀಕ್ಷೆಯಲ್ಲಿ ಇದರ ಮೇಲೆ ನಾನು ಎರಡೂವರೆ ಪುಟ ಉತ್ತರ ಬರೆದಿದ್ದೆ. ಕೆಲಸಕ್ಕೆ ಸೇರಿದ ವಾರದಲ್ಲೇ, ಕ್ಲಿನಿಕ್ ನಡೆಸುವ ನಮ್ಮ ಸರ್ ಅದನ್ನು ಒಂದು ಉಸಿರಿನಲ್ಲಿ ಮುಗಿಸಿದರು.

“ಮಂಡಿ ನೋವು ಅಂತ ಬಂದೋರ್ಗೆ ಶುಗರ್ರು, ಬಿಪಿ, ಬೀಡಿ ಅಂತ ಶುರು ಹಚ್ಕೊಂಡ್ರೆ ನಾಳೆಯಿಂದ ಬರಲ್ಲಮ್ಮ ಅವರು. ಮಂಡಿ ನೋಡು, ಕಳಿಸು.”

ಅವರು ಕೆಟ್ಟವರಲ್ಲ. ಒಬ್ಬರ ಹಿಂದೆ ಒಬ್ಬರು ಬೆಂಚಿನಲ್ಲಿ ಕಾಯುತ್ತಿರುತ್ತಾರೆ, ಮಾತಿಗೆ ಹೊತ್ತೆಲ್ಲಿ? ಹಾಗಾಗಿ ನಾನೊಂದು ಉಪಾಯ ಮಾಡಿದೆ. ಮಾತಾಡಲು ಹೊತ್ತಿಲ್ಲದಿದ್ದರೆ ಹಾಳೆ ಮಾತಾಡಲಿ. ಸೊಂಟಕ್ಕೊಂದು, ಮಂಡಿಗೊಂದು, ಕುತ್ತಿಗೆಗೊಂದು, ಹಿಮ್ಮಡಿಗೊಂದು ಹಾಳೆ ತಯಾರಿಸಿ, ಕೆಳಗಿನ ಅಂಗಡಿಯ ಪಕ್ಕದಲ್ಲೇ ಜೆರಾಕ್ಸ್ ಮಾಡಿಸಿದೆ. ಸರ್ ನಕ್ಕು, “ಹಾಳೆ ತಾನೆ, ಕೊಡು ಕೊಡು,” ಎಂದರು. ನನ್ನ ಜೊತೆ ಓದಿದ ಗೆಳತಿ ಗೌರಿಬಿದನೂರಿನಲ್ಲಿ ಕೆಲಸ ಮಾಡುತ್ತಾಳೆ. ಫೋನಿನಲ್ಲಿ ಅದರ ಫೋಟೋ ನೋಡಿ ಅವಳೂ ಅಲ್ಲಿ ಹಂಚತೊಡಗಿದಳು.

ಆ ಹೆಂಗಸು ನಮ್ಮಲ್ಲಿಗೆ ಬಂದದ್ದು ಬಲಗಾಲಿನ ಹಿಮ್ಮಡಿ ನೋವಿಗೆ. ವಯಸ್ಸು ಐವತ್ತೈದರ ಆಚೀಚೆ. ಪೇಟೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಮನೆಯ ಹಿಂದೆಯೇ ತಗಡಿನ ಶೆಡ್ಡು, ಅದರಲ್ಲಿ ನೂಲು ತೆಗೆಯುವ ಬೇಸಿನ್ನುಗಳು. ಶೆಡ್ಡನ್ನು ಮಗ ನಡೆಸುತ್ತಿದ್ದರೂ ಕೂಲಿಯವರ ಜೊತೆ ತಾನೂ ನಿಲ್ಲುವುದನ್ನು ಆಕೆ ಬಿಟ್ಟಿರಲಿಲ್ಲ. ಮನೆಮಾತು ಉರ್ದು. ನಮ್ಮೊಂದಿಗೆ ಊರಿನ ಎಲ್ಲರಂತೆ ಕನ್ನಡ, ಬೆಂಚಿನಲ್ಲಿ ಪಕ್ಕ ಕೂತವರು ತೆಲುಗಿನವರಾದರೆ ತೆಲುಗು.

ಮೊದಲ ದಿನ ಬಾಗಿಲ ಬಳಿಯ ಮೇಜಿನಲ್ಲಿ ನಮ್ಮ ರಿಸೆಪ್ಷನ್ ಹುಡುಗಿ ಫಾರಂ ತುಂಬುತ್ತಿದ್ದುದು ಪರದೆಯ ಈಚೆ ಇದ್ದ ನನಗೂ ಕೇಳಿಸಿತು.

“ಶುಗರ್ ಇದ್ಯಾಮ್ಮ?”

“ಇಲ್ಲಮ್ಮ. ಬಿಟ್ಟು ಮೂರು ವರ್ಷ ಆಯ್ತು.”

ಹುಡುಗಿ ‘ಇಲ್ಲ’ ಎಂಬಲ್ಲಿ ಗುರುತು ಹಾಕಿದಳು. ಬೀಡಿ ಬಿಟ್ಟವರ ಹಾಗೆ ಮಾತಾಡುತ್ತಾರಲ್ಲ ಎಂದು ನನಗೆ ನಗು ಬಂತು. ಎದ್ದು ಹೋಗಿ ಏನು ಬಿಟ್ಟಿರಿ ಎಂದು ಕೇಳಲಿಲ್ಲ. ಇನ್ನೊಬ್ಬರ ಕುತ್ತಿಗೆಗೆ ಯಂತ್ರ ಹಿಡಿದಿದ್ದೆ.

ಆಮೇಲೆ ಆಕೆಯ ಪಾದ ನನ್ನ ಕೈಗೆ ಬಂತು. ನೋವು ಇಳಿಸುವ ಅಲ್ಟ್ರಾಸೌಂಡ್ ಯಂತ್ರ ಹಿಡಿಯುವ ಮೊದಲು ನಾವು ಹಚ್ಚುವ ಜೆಲ್ ಬೆಳಗಿನ ಹೊತ್ತು ಮಂಜುಗಡ್ಡೆಯ ಹಾಗಿರುತ್ತದೆ. ಅಂಗಾಲಿಗೆ ಬಿದ್ದ ಕೂಡಲೇ ಎಂಥವರೂ ಕಾಲು ಎಳೆದುಕೊಳ್ಳುತ್ತಾರೆ. ಆಕೆ ಎಳೆದುಕೊಳ್ಳಲಿಲ್ಲ. ಎಷ್ಟು ತಾಳ್ಮೆಯ ಮನುಷ್ಯರು ಎಂದುಕೊಂಡೆ. ಆ ಕ್ಷಣ ಈಗಲೂ ನನ್ನೆದುರು ಬಂದು ನಿಲ್ಲುತ್ತದೆ. ಅಂಗಾಲು ನನಗೆ ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿತ್ತು.

ಕೈಬೆರಳುಗಳು ಬಿಳಿಚಿ ನೆರಿಗೆಗಟ್ಟಿದ್ದವು.

“ಕೈ ಎಲ್ಲಾ ಬೆಂದ್ಹೋಗಿದ್ಯಲ್ಲಮ್ಮ,” ಎಂದೆ.

“ಬೇಸಿನ್ ಕೈ ಇದು ಡಾಕ್ಟ್ರಮ್ಮ. ಸುಡೋದು ಗೊತ್ತಾದ್ರೆ ಅದು ಬೇಸಿನ್ ಕೈನೇ ಅಲ್ಲ. ಹೊಸದಾಗಿ ಬಂದೋರು ಹಾ ಹೂ ಅಂತ ಕುಣೀತಾರೆ. ನಮ್ಮತ್ತೆ ನನ್ನ ಕೈ ಹಿಡಿದು ಅದ್ದಿಸಿದ್ರು. ಒಂದ್ ತಿಂಗಳು ಅತ್ತೆ, ಆಮೇಲೆ ಮರ್ತೋಯ್ತು.”

ನಾವಿಬ್ಬರೂ ನಕ್ಕೆವು. ಹೊರಡುವಾಗ ಹಿಮ್ಮಡಿಯ ಹಾಳೆ ಕೊಟ್ಟೆ. “ಸೊಸೆ ಓದಿ ಹೇಳ್ತಾಳೆ,” ಎಂದು ಮಡಚಿ ಬುರ್ಕಾದ ಒಳಗೆ ಇಟ್ಟುಕೊಂಡರು.

ನಾಲ್ಕು ಸಲ ಬಂದರು, ನೋವು ಕಡಿಮೆಯಾಯಿತು ಎಂದರು, ಆಮೇಲೆ ಬರಲಿಲ್ಲ. ಒಂದು ಬುಧವಾರ ಬೆಳಿಗ್ಗೆ ಅದೇ ಬೀದಿಯಲ್ಲಿ ಪಾರ್ಶ್ವವಾಯುವಾದ ಒಬ್ಬರ ಮನೆಗೆ ಹೋಗಿ ವ್ಯಾಯಾಮ ಮಾಡಿಸಿ ಬರುತ್ತಿದ್ದೆ. ಆಕೆ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕಂಡು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ನನ್ನ ಹಾಳೆ ಅವರ ಹಾಲಿನ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಇತ್ತು. ನಾಲ್ಕು ಮೂಲೆಗೂ ಟೇಪು. ಬರೆದವಳಿಗೆ ಅದಕ್ಕಿಂತ ದೊಡ್ಡ ಸನ್ಮಾನ ಬೇಕೆ? ಸೊಸೆ ಚಿಂತಾಮಣಿಯ ಹುಡುಗಿ, ಬಿ.ಕಾಂ. ಮಾಡಿದವಳು. ನಮ್ಮೂರಿನ ಮೇಡಂ ಬಂದಿದ್ದಾರೆ ಎಂದು ಟೀ ಮಾಡಲು ಅಡುಗೆಮನೆಗೆ ಓಡಿದಳು. ಬೇಡವೆಂದರೂ ಕೇಳಲಿಲ್ಲ.

“ಕೂತ್ಕೊಳ್ಳಿ, ತೋರಿಸ್ತೀನಿ. ನೀವು ಬರೆದಿರೋದು ಒಂದೂ ಬಿಟ್ಟಿಲ್ಲ ನಾನು,” ಎಂದು ಆಕೆ ಹಿಮ್ಮಡಿ ಎತ್ತಿಳಿಸಿ, ಗೋಡೆಗೆ ಕೈಕೊಟ್ಟು ಮೀನಖಂಡ ಎಳೆದು, ಶಾಲೆಯ ಮಕ್ಕಳ ಹಾಗೆ ಎಲ್ಲವನ್ನೂ ಮಾಡಿ ತೋರಿಸಿದರು. ನಾನು ಶಭಾಷ್ ಎಂದೆ. “ಇನ್ನೊಂದಿದೆ,” ಎಂದು ಹಿಂದಿನ ಬಾಗಿಲಿಂದ ಶೆಡ್ಡಿಗೆ ಹೋದರು. ಬರುವಾಗ ಒಂದು ಕೈಯಲ್ಲಿ ನೀಲಿ ಪ್ಲಾಸ್ಟಿಕ್ ಟಬ್ಬು, ಇನ್ನೊಂದರಲ್ಲಿ ಸ್ಟೀಲ್ ಬಕೆಟ್ಟು. ಬೇಸಿನ್ನುಗಳಿಗೆ ನೀರು ಕಾಯಿಸುವ ಬಾಯ್ಲರಿನ ಕೊಳಾಯಿಯಿಂದ ಹಿಡಿದ ನೀರು.

“ನಮ್ಮನೇಲಿ ಬಿಸಿನೀರಿಗೇನು ಬರ,” ಎನ್ನುತ್ತಾ ಟಬ್ಬಿಗೆ ಸುರಿದು, ಕೈ ಅದ್ದಿ ನೋಡಿ, “ಹದವಾಗಿದೆ,” ಎಂದರು. ಕುರ್ಚಿಯಲ್ಲಿ ಕೂತು ಸೀರೆ ತುಸು ಎತ್ತಿ ಬಲಗಾಲು ಇಟ್ಟರು.

ನಾನು ನೋಡುತ್ತಿದ್ದೆ. ಇದನ್ನು ಬರೆಯಲೇಬೇಕು. ನಾನು ಬೇರೆಲ್ಲೂ ನೋಡುತ್ತಿರಲಿಲ್ಲ, ಎದುರಿಗೇ ಕೂತು ನೋಡುತ್ತಿದ್ದೆ. ಆಕೆ ತಮ್ಮ ಸೊಸೆಯ ಟೀಯ ಬಗ್ಗೆ ಹೇಳುತ್ತಿದ್ದರು. “ಚಿಂತಾಮಣಿ ಟೀ ಅದು, ಬರೀ ಶುಂಠಿ. ಕುಡಿದ್ರೆ ಜಗಳ ಆಡ್ಬೇಕು ಅನ್ಸುತ್ತೆ.” ಅಡುಗೆಮನೆಯಿಂದ ಸೊಸೆ, “ಅಮ್ಮೀ, ಕೇಳಿಸ್ತಿದೆ ನಂಗೆ,” ಎಂದಳು. ನಾನು ನಕ್ಕೆ. ಟಬ್ಬಿನಿಂದ ಹಬೆ ಏಳುತ್ತಿತ್ತು. ಬಿಸಿನೀರಿನಿಂದ ಹಬೆ ಏಳುವುದರಲ್ಲಿ ವಿಶೇಷವೇನು? ಆಮೇಲೆ ಟಬ್ಬಿನ ಒಂದು ಬದಿ ಮೆಲ್ಲಗೆ ಹೊರಕ್ಕೆ ಉಬ್ಬುವುದು ಕಾಣಿಸಿತು. ತೆಳು ಪ್ಲಾಸ್ಟಿಕ್ಕು ಮೆತ್ತಗಾಗುತ್ತಿತ್ತು. ಇದೇಕೆ ಹೀಗೆ ಎಂದು ಬಗ್ಗಿ ಬೆರಳ ತುದಿ ನೀರಿಗೆ ತಾಗಿಸಿದೆ.

ಬೆರಳು ತಾನಾಗಿಯೇ ಹಿಂದೆ ಬಂತು. ನನ್ನ ಬಾಯಿಂದ ಎಂಥ ಸದ್ದು ಬಂತೋ ತಿಳಿಯದು, ಸೊಸೆ ಲೋಟ ಬೀಳಿಸಿದಳು. ಆಕೆಯ ಮಂಡಿಯ ಕೆಳಗೆ ಕೈಹಾಕಿ ಕಾಲನ್ನು ಎತ್ತಿಬಿಟ್ಟೆ. ಟಬ್ಬು ಮಗುಚಿ ನೀರು ನೆಲದ ಮೇಲೆ ಹರಿಯಿತು. ಕಾಲು ಗಂಟಿನವರೆಗೆ ಕಾಲುಚೀಲ ಹಾಕಿದ ಹಾಗೆ ಗೆರೆ ಕಟ್ಟಿ ಕೆಂಪಾಗಿತ್ತು.

ಆಕೆ ನನ್ನ ಮುಖವನ್ನು ನೋಡುತ್ತಿದ್ದರು.

“ಯಾಕಮ್ಮ, ಇಷ್ಟು ಗಾಬರಿ? ಏನಾಯ್ತು?”

ನಾನು ಮತ್ತೆ ಮತ್ತೆ ಕಾಣುವುದು ಆ ಮುಖವನ್ನೇ. ಕಿರುಚಿದ್ದರೆ ಮರೆಯಬಹುದಿತ್ತೇನೋ. ಕೆಳಗೆ ಕಾಲು ಬೇಯುತ್ತಿದೆ, ಮೇಲೆ ಆ ಮುಖ ಸೊಸೆಯನ್ನು ಕೆಣಕಿ ನಗುತ್ತಿದೆ. ಎರಡೂ ಒಬ್ಬರದೇ.

ಅವರನ್ನು ಹಿತ್ತಲಿನ ತಣ್ಣೀರ ಕೊಳಾಯಿಯ ಕೆಳಗೆ ಕೂರಿಸಿ, ಕಾಲು ಹಿಡಿದುಕೊಂಡು ನೀರು ಬಿಟ್ಟೆ. ಶೆಡ್ಡಿನ ಹೆಂಗಸರು ಬಂದು ಸುತ್ತ ನಿಂತರು. ಒಬ್ಬಳು ಟೂತ್‌ಪೇಸ್ಟ್ ತಂದಳು, ಇನ್ನೊಬ್ಬಳು ದೋಸೆಹಿಟ್ಟು ಹಚ್ಚಿದರೆ ಬೊಬ್ಬೆ ಏಳುವುದಿಲ್ಲ ಎಂದಳು. “ಏನೂ ಹಚ್ಬೇಡಿ, ನೀರು ಮಾತ್ರ,” ಎಂದು ನಾನು ಹೇಳುತ್ತಲೇ ಇದ್ದೆ. ಇಪ್ಪತ್ತು ನಿಮಿಷ ಕಾಲು ಬಿಡಲಿಲ್ಲ. ಅಷ್ಟರಲ್ಲೇ ಬೆರಳುಗಳ ಬುಡದಲ್ಲಿ ನೀರುಗುಳ್ಳೆಗಳು ಏಳತೊಡಗಿದವು. ಆಕೆಗೆ ಆಗಲೂ ನೋವಿರಲಿಲ್ಲ. ಒದ್ದೆಯಾದ ನನ್ನ ಚೂಡಿದಾರ ನೋಡಿ ಬೇಸರ ಮಾಡಿಕೊಳ್ಳುತ್ತಿದ್ದರು.

ಸೊಸೆ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅಳುತ್ತಾ ಹೇಳಿದಳು, “ದಿನಾ ನಾನೇ ಗ್ಯಾಸಲ್ಲಿ ಕಾಯಿಸಿ, ಮುಟ್ಟಿ ನೋಡಿ ಕೊಡ್ತಿದ್ದೆ ಮೇಡಂ. ಇವತ್ತು ಟೀಗೆ ಇಟ್ಟಿದ್ದೆ.”

ಟೀ ಇಟ್ಟದ್ದು ನನಗೋಸ್ಕರ. ನಾನು ಆ ಬೀದಿಯಲ್ಲಿ ಹೋಗದಿದ್ದರೆ ಅವತ್ತು ನೀರು ಅಡುಗೆಮನೆಯಿಂದಲೇ ಬರುತ್ತಿತ್ತು. ಇದನ್ನು ಯಾರೂ ನನಗೆ ಹೇಳಲಿಲ್ಲ, ನಾನೇ ಲೆಕ್ಕ ಹಾಕಿಕೊಂಡೆ.

ಮಗ ಆಟೋ ತಂದ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ವೈದ್ಯೆ ಕಾಲು ನೋಡಿ, ಬೆರಳು ಚುಚ್ಚಿ ರಕ್ತ ನೋಡಿದರು. ಅಂಕಿ ನೋಡಿ ಇನ್ನೊಂದು ಬೆರಳು ಚುಚ್ಚಿ ಮತ್ತೆ ನೋಡಿದರು.

“ಶುಗರ್ ಎಷ್ಟು ವರ್ಷದಿಂದ ಇದೆ?”

“ಶುಗರ್ ಬಿಟ್ಟುಬಿಟ್ಟಿದೀನಲ್ಲಮ್ಮ.”

“ಮಾತ್ರೆ ಬಿಟ್ರಾ?”

“ಮಾತ್ರೆ ಯಾವ್ದು? ಸಕ್ಕರೆ. ಶಾಲೆ ಹತ್ರ ಕ್ಯಾಂಪ್ ಮಾಡಿದ್ರು. ಸ್ವಲ್ಪ ಶುಗರ್ ಇದೆ, ಶುಗರ್ ಬಿಡಿ ಅಂದ್ರು. ಅವತ್ತಿಂದ ಟೀಗೆ ಒಂದ್ ಕಾಳು ಹಾಕಲ್ಲ. ಬೇಕಾದ್ರೆ ಸೊಸೇನ ಕೇಳಿ.”

ಸೊಸೆ ತಲೆಯಾಡಿಸಿದಳು. ಅದು ನಿಜವೇ. ಮನೆಮಂದಿಯೆಲ್ಲ ಸಿಹಿ ಟೀ ಕುಡಿಯುವಾಗ ಆಕೆಯೊಬ್ಬರೇ ಮೂರು ವರ್ಷ ಬರಿಯ ಟೀ ಕುಡಿದಿದ್ದರು. ಮಾತ್ರೆಯಿಲ್ಲದೆ ಬೆಳೆದ ಕಾಯಿಲೆ ಅಷ್ಟರಲ್ಲಿ ಪಾದಗಳ ಸ್ಪರ್ಶವನ್ನೇ ತಿಂದುಹಾಕಿತ್ತು. ಕಾಯಿಲೆಗೂ ಡಬ್ಬಿಯಲ್ಲಿರುವ ಪದಾರ್ಥಕ್ಕೂ ನಾವು ಒಂದೇ ಹೆಸರು ಇಟ್ಟಿದ್ದೇವೆ. ಡಬ್ಬಿಯದನ್ನು ಬಿಟ್ಟರೆ ಕಾಯಿಲೆಯೂ ಬಿಟ್ಟಂತೆ ಎಂದು ಆಕೆ ತಿಳಿದದ್ದರಲ್ಲಿ ಏನು ತಪ್ಪು? ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವ ಮನುಷ್ಯರು ಅವರು. ಕ್ಯಾಂಪಿನವರು ಹೇಳಿದ್ದನ್ನೂ ಮಾಡಿದರು, ನನ್ನ ಹಾಳೆ ಹೇಳಿದ್ದನ್ನೂ ಮಾಡಿದರು.

ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಕಳಿಸಿದರು. ಅಲ್ಲಿನ ಶಸ್ತ್ರವೈದ್ಯರು ಗುಳ್ಳೆಗಳನ್ನೆಲ್ಲ ನೋಡಿ, ಮಗನನ್ನೂ ನನ್ನನ್ನೂ ಹೊರಗೆ ಕರೆದು, “ಹೊಸ ಚರ್ಮ ಬರುತ್ತೆ. ಬೆರಳುಗಳದ್ದೇ ಅನುಮಾನ. ಶುಗರ್ ಹತೋಟಿಗೆ ಬಂದ್ರೆ ಉಳಿಯುತ್ತೆ, ಕೀವಾದ್ರೆ ಪಾದಕ್ಕೇ ಬರುತ್ತೆ. ಹತ್ತು ದಿನ ನೋಡೋಣ,” ಎಂದರು.

ಮಗ ಗೋಡೆಗೆ ಒರಗಿ ನಿಂತಿದ್ದ. ನಾನು ಆ ಹಾಳೆ ಬರೆದವಳು ನಾನೇ ಎಂದೆ. ಅವನಿಗೆ ಅದು ಗೊತ್ತಿತ್ತು. ತಪ್ಪು ನನ್ನದು ಎಂದು ಹೇಳಲು ಹೊರಟಿದ್ದೇನೆ ಎಂದೂ ಗೊತ್ತಿತ್ತು.

“ಓದಿರೋರು ಬರೆದಿದ್ದು ಅಂತ ಗೋಡೆಗೆ ಅಂಟಿಸಿದ್ವಿ ಮೇಡಂ,” ಎಂದಷ್ಟೇ ಹೇಳಿ ಔಷಧಿ ಚೀಟಿ ತೆಗೆದುಕೊಂಡು ಹೋದ.

ಸಂಜೆ ಬಸ್ಸಿನಲ್ಲಿ ಕೂತಾಗ, ಆಕೆ ಕಾಲಿಟ್ಟ ಕ್ಷಣದಿಂದ ನಾನು ಎತ್ತಿದ ಕ್ಷಣದವರೆಗೆ ಎಷ್ಟು ಹೊತ್ತಾಗಿರಬಹುದು ಎಂದು ಎಣಿಸತೊಡಗಿದೆ. ಶುಂಠಿಯ ಮಾತು, ಜಗಳದ ಮಾತು, ಸೊಸೆಯ ಉತ್ತರ, ನನ್ನ ನಗು. ಮನಸ್ಸಿನಲ್ಲೇ ಆ ಮಾತುಗಳನ್ನೆಲ್ಲ ಅದೇ ನಿಧಾನದಲ್ಲಿ ಹೇಳಿಕೊಂಡು ಗಡಿಯಾರ ನೋಡಿದೆ. ಹದಿನೈದು ಸೆಕೆಂಡು. ಇನ್ನೊಮ್ಮೆ ಹೇಳಿಕೊಂಡೆ. ಹದಿನಾಲ್ಕು. ಚಿಂತಾಮಣಿ ಬರುವವರೆಗೂ ಅದೇ ಕೆಲಸ. ಈಗಲೂ ಕೆಲವು ಸಂಜೆ ತುಟಿ ತಾನಾಗಿ ಆ ಶುಂಠಿಯ ಮಾತನ್ನು ಶುರು ಮಾಡುತ್ತದೆ. ಪಕ್ಕದ ಸೀಟಿನವರು ನೋಡಿದರೆ ಫೋನ್ ಕಿವಿಗಿಟ್ಟುಕೊಳ್ಳುತ್ತೇನೆ.

ಮನೆಗೆ ಬಂದು ಮೊದಲು ಗೌರಿಬಿದನೂರಿನ ಗೆಳತಿಗೆ ಫೋನ್ ಮಾಡಿದೆ. ಹಾಳೆ ಹಂಚುವುದನ್ನು ನಿಲ್ಲಿಸು ಎಂದೆ. ಅವಳು ನಡೆದದ್ದನ್ನು ಕೇಳಿ, “ನನ್ನತ್ರ ತಗೊಂಡೋರ್ನೆಲ್ಲ ನಾಳೆನೇ ವಿಚಾರಿಸ್ತೀನಿ ಕಣೇ,” ಎಂದಳು. ಮಾರನೆಯ ದಿನ ನಾನೂ ನಮ್ಮ ರಿಜಿಸ್ಟರ್ ತೆಗೆದು ಹಿಮ್ಮಡಿಯ ಹಾಳೆ ಕೊಟ್ಟವರಿಗೆಲ್ಲ ಫೋನ್ ಮಾಡಿದೆ. ನೀರು ಎಷ್ಟು ಬಿಸಿ ಇಟ್ಟುಕೊಳ್ಳುತ್ತೀರಿ ಎಂದು ಕೇಳಿದರೆ ಒಬ್ಬ ಲಾರಿ ಡ್ರೈವರ್, “ನಾನು ಚೆನ್ನಾಗಿ ತಡೀತೀನಿ ಮೇಡಂ, ಮೊದಮೊದಲು ಕಷ್ಟ ಆಯ್ತು, ಈಗ ಪರವಾಗಿಲ್ಲ,” ಎಂದು ಹೆಮ್ಮೆಯಿಂದ ಹೇಳಿದ. ಇನ್ನು ಉಗುರುಬೆಚ್ಚಗಿನ ನೀರೇ ಸಾಕು ಎಂದು ಅವನಿಗೆ ಹೇಳಿದೆ. ತಡೆಯುವಷ್ಟು ಎಂದರೆ ಹಿತವಾಗಿರುವಷ್ಟು ಎಂದು ನಾನು ತಿಳಿದಿದ್ದೆ. ಹಾಳೆ ಓದಿದವರಿಗೆ ಅದು ಪಂದ್ಯವಾಗಿತ್ತು.

ಸರ್ ಎದುರು ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು.

“ಅದಕ್ಕೇ ಹೇಳಿದ್ದು. ಮಂಡಿ ನೋಡು, ಕಳಿಸು ಅಂತ. ಹಾಳೆ ಎಲ್ಲಾ ಹರಿದುಹಾಕು.”

“ಹರಿದುಹಾಕ್ತೀನಿ ಸರ್. ಆದ್ರೆ ಅವತ್ತು ಅವರ ಕಾಲು ಒಂದ್ಸಲ ಸರಿಯಾಗಿ ನೋಡಿದ್ರೆ ಇದು ಆಗ್ತಿರ್ಲಿಲ್ಲ. ಹಿಮ್ಮಡಿ ಮಾತ್ರ ನೋಡಿದೆ ನಾನು.”

“ನಿನಗೆ ಟೈಮ್ ಎಲ್ಲಿದೆ?”

ಆ ಪ್ರಶ್ನೆಗೆ ಉತ್ತರ ಯಂತ್ರದಲ್ಲೇ ಇತ್ತು. ಅಲ್ಟ್ರಾಸೌಂಡ್ ಹಿಡಿದರೆ ಎಂಟು ನಿಮಿಷ. ಅಷ್ಟು ಹೊತ್ತು ನನ್ನ ಬಲಗೈಗೆ ಮಾತ್ರ ಕೆಲಸ. ನಾನು ಗೋಡೆ ನೋಡುತ್ತೇನೆ, ಅವರು ಫ್ಯಾನ್ ನೋಡುತ್ತಾರೆ. ಆ ಎಂಟು ನಿಮಿಷ ಕೊಡಿ ಎಂದೆ. ಸರ್ ಕೊಡುತ್ತೇನೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಆವತ್ತಿನಿಂದ ಶುಗರ್ ಇದೆಯಾ ಎಂದು ಕೇಳುವುದನ್ನು ಬಿಟ್ಟೆ. ಕೊನೆಯ ಸಲ ಯಾವಾಗ ನೋಡಿಸಿದಿರಿ, ಎಷ್ಟು ಬಂತು, ಮಾತ್ರೆ ಯಾವ ಬಣ್ಣದ್ದು ಎಂದು ಕೇಳುತ್ತೇನೆ. ಭುಜಕ್ಕೆ ಬಂದವರಿಗೂ ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡುತ್ತೇನೆ. “ಭುಜ ಮೇಲಿದೆಯಮ್ಮ,” ಎಂದು ಒಬ್ಬ ಅಜ್ಜ ತೋರಿಸಿಕೊಟ್ಟರು. ಮನೆಯಲ್ಲಿ ಮಾಡುವುದನ್ನು ಇಲ್ಲೇ ಮಾಡಿ ತೋರಿಸಿ ಎನ್ನುತ್ತೇನೆ. ಹೊಲದಲ್ಲಿ ಕಳೆ ತೆಗೆಯುವವರಿಗೆ ದಿನಾ ಅರ್ಧ ಗಂಟೆ ನಡೆಯಿರಿ ಎಂದು ಉಪದೇಶ ಮಾಡುತ್ತಿದ್ದವಳು ಈಗ ಅವರು ದಿನಕ್ಕೆ ಎಲ್ಲೆಲ್ಲಿ ನಡೆಯುತ್ತಾರೆಂದು ಮೊದಲು ಕೇಳುತ್ತೇನೆ. ಎಲ್ಲರೂ ಹೇಳುವುದಿಲ್ಲ. ಕೆಲವರು, “ನೋವಿರೋದು ಕೈಗೆ, ಊಟದ ಲೆಕ್ಕ ಯಾಕೆ?” ಎಂದು ಮುಖ ತಿರುಗಿಸುತ್ತಾರೆ. ಇಬ್ಬರು ಆಮೇಲೆ ಬರಲೇ ಇಲ್ಲ. ಸರ್ ಅದನ್ನು ನೆನಪಿಟ್ಟುಕೊಂಡಿದ್ದಾರೆ.

ಹತ್ತು ದಿನಗಳಲ್ಲಿ ಪಾದ ಉಳಿಯಿತು. ಕಿರುಬೆರಳು ಕಪ್ಪಾಯಿತು. ಅದನ್ನು ತೆಗೆದರು.

ನಾನು ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತಿದ್ದೆ. ಕಾಲು ಗಂಟು ಬಿಗಿಯದಂತೆ ನೋಡಿಕೊಳ್ಳಬೇಕಿತ್ತು. ಕೆಲಸದ ನೆಪ ಇಲ್ಲದಿದ್ದರೂ ಹೋಗುತ್ತಿದ್ದೆ ಅನ್ನಿಸುತ್ತದೆ. ಗೋಡೆಯಲ್ಲಿ ಹಾಳೆ ಇದ್ದ ಜಾಗದಲ್ಲಿ ಟೇಪಿನ ನಾಲ್ಕು ಗುರುತು ಇದ್ದವು. ಆಕೆ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗುತ್ತಿದ್ದರು, ಅನ್ನ ಕಡಿಮೆ ಮಾಡಿ ಮುದ್ದೆ ಜಾಸ್ತಿ ಮಾಡಿದ್ದರು, ಮುದ್ದೆ ಎಷ್ಟು ತಿಂದರೂ ನಡೆಯುತ್ತದೆ ಎಂದುಕೊಂಡಿದ್ದರು. ಅದನ್ನು ಕೇಳಿ ಕೇಳಿ ತಿಳಿದುಕೊಳ್ಳಲು ನನಗೆ ಎರಡು ವಾರ ಬೇಕಾಯಿತು. “ಎಷ್ಟು ದೊಡ್ಡ ಮುದ್ದೆ, ಕೈಯಲ್ಲಿ ತೋರಿಸಿ,” ಎಂದಾಗ ಅವರು ತೋರಿಸಿದ ಅಳತೆ ನೋಡಿ ಸೊಸೆ ಒಳಗೆ ಹೋಗಿ ನಕ್ಕಳು.

ಆಕೆಗೆ ಬೇಕಿದ್ದುದು ಒಂದೇ. ಮತ್ತೆ ಬೇಸಿನ್ನಿನ ಮುಂದೆ ನಿಲ್ಲಬೇಕು. ಮಗನಿಗೆ ಅದು ಸುತರಾಂ ಒಪ್ಪಿಗೆ ಇರಲಿಲ್ಲ. ಶೆಡ್ಡಿನ ಬಾಗಿಲಿಗೆ ಕುರ್ಚಿ ಅಡ್ಡ ಇಡುತ್ತಿದ್ದ. “ಮೇಡಂ ಹೂಂ ಅಂದ್ರೆ ಬಿಡ್ತೀನಿ,” ಎಂದು ಕೊನೆಗೆ ತೀರ್ಮಾನವನ್ನು ನನ್ನ ತಲೆಗೆ ಕಟ್ಟಿದ.

ಗಾಯವೆಲ್ಲ ಮಾಗಿ ಹೊಸ ಚರ್ಮ ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ಅದಕ್ಕೆಂದೇ ಹೋದೆ. ಪೆನ್ನಿನಂಥ ಹಿಡಿಕೆಗೆ ಸಿಕ್ಕಿಸಿದ ಒಂದು ನೈಲಾನ್ ಎಳೆ ನಮ್ಮಲ್ಲಿರುತ್ತದೆ. ಅದನ್ನು ಅಂಗಾಲಿಗೆ ಒಂದೊಂದು ಕಡೆ ಬಾಗುವಷ್ಟು ಒತ್ತಿ, ಗೊತ್ತಾಯಿತೇ ಎಂದು ಕೇಳಬೇಕು. ಆಕೆ ಕಣ್ಣು ಮುಚ್ಚಿಕೊಂಡು ದಿಂಬಿಗೆ ಒರಗಿದರು. ಮಗ ಬಾಗಿಲಲ್ಲಿ ನಿಂತಿದ್ದ.

“ಮುಟ್ಟಿದಾಗ ‘ಈಗ’ ಅನ್ಬೇಕು. ಅಷ್ಟೇ.”

ಹೆಬ್ಬೆರಳಿಗೆ ಒತ್ತಿದೆ. “ಈಗ,” ಎಂದರು. ನನ್ನ ಎದೆ ಹಗುರವಾಯಿತು. ಮುಂಗಾಲಿಗೆ ಒತ್ತಿದೆ. “ಈಗ.” ಹಿಮ್ಮಡಿಗೆ ಒತ್ತಬೇಕೆಂದು ಕೈ ಎತ್ತಿದೆ, ಅಷ್ಟರಲ್ಲಿ ಎಳೆ ಹಿಡಿಕೆಯಿಂದ ಸಡಿಲವಾಗಿದ್ದು ಕಂಡು ಸರಿಪಡಿಸುತ್ತಾ ಕೂತೆ.

“ಈಗ,” ಎಂದರು ಆಕೆ.

ಎಳೆ ಇನ್ನೂ ನನ್ನ ಬೆರಳುಗಳ ನಡುವೆಯೇ ಇತ್ತು.

“ಈಗ,” ಎಂದರು ಮತ್ತೆ, ಇನ್ನೂ ಗಟ್ಟಿಯಾಗಿ.

“ನಾನು ಮುಟ್ಟೇ ಇಲ್ಲಮ್ಮ.”

ಆಕೆ ಕಣ್ಣು ತೆರೆಯಲಿಲ್ಲ. ಬಾಗಿಲಲ್ಲಿ ಮಗ ಉಸಿರು ಬಿಟ್ಟದ್ದು ಕೇಳಿಸಿತು.

“ಬೇಸಿನ್ ಹತ್ರ ಹೋಗ್ಬೇಕು ಅಂತ ಹೀಗ್ ಹೇಳ್ತಿದೀರಾ?”

“ಅದೂ ಇದೆ,” ಎಂದರು. ಆಮೇಲೆ, “ನಿಮ್ ಮುಖಾನೂ ನೋಡಕ್ಕಾಗಲ್ಲ ನನ್ ಕೈಲಿ. ಬಂದಾಗೆಲ್ಲ ಇಷ್ಟುದ್ದ ಮಾಡ್ಕೊಂಡು ಕಾಲ್ ನೋಡ್ತೀರ. ಕಣ್ ಮುಚ್ಕೊಂಡ್ರೂ ಕಾಣ್ಸುತ್ತೆ. ಗೊತ್ತಾಯ್ತು ಅಂದ್ರೆ ಒಂದಿನ ಆದ್ರೂ ನಗ್ತೀರ ಅಂದ್ಕೊಂಡೆ,” ಎಂದರು.

ಆ ಮನೆಯಲ್ಲಿ ನನ್ನನ್ನು ಯಾರೂ ಬೈದಿರಲಿಲ್ಲ. ಬೈದಿದ್ದರೆ ವಾಸಿ ಎಂದು ಎಷ್ಟೋ ಸಲ ಅನ್ನಿಸಿತ್ತು. ಕಾಲು ಕಳೆದುಕೊಳ್ಳುವ ಅಂಚಿಗೆ ಹೋಗಿ ಬಂದವರು ನನ್ನ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದರು. ಆ ಸುಳ್ಳನ್ನು ನಂಬಿ ಹೂಂ ಎಂದಿದ್ದರೆ ಇನ್ನೊಂದು ಟಬ್ಬು ಎಲ್ಲೋ ಕಾಯುತ್ತಿತ್ತು.

“ನಾನು ನಗ್ಬೇಕು ಅಂದ್ರೆ ನಿಜ ಹೇಳಿ,” ಎಂದೆ. “ಗೊತ್ತಾಗ್ದಿದ್ರೆ ಗೊತ್ತಾಗಲ್ಲ ಅನ್ನಿ. ಅದ್ರಿಂದ ಬೇಸಿನ್ ತಪ್ಪಲ್ಲ.”

“ತಪ್ಪಲ್ವಾ?”

“ಮೊದ್ಲು ನಿಜ.”

ಮತ್ತೆ ಮೊದಲಿಂದ ಶುರು ಮಾಡಿದೆವು. ಹೆಬ್ಬೆರಳಿಗೆ ಒತ್ತಿದೆ, ಅವರು ಮಾತಾಡಲಿಲ್ಲ. ಮುಂಗಾಲಿನ ಮೂರು ಕಡೆ ಒತ್ತಿದೆ, ಮಾತಾಡಲಿಲ್ಲ. ಹಿಮ್ಮಡಿಯಲ್ಲೂ ಇಲ್ಲ. ಒಳಪಾದದ ಗುಳಿಯಲ್ಲಿ ಒತ್ತಿದಾಗ ಹುಬ್ಬು ಗಂಟಿಕ್ಕಿ, “ಇಲ್ಲೇನೋ ಇದೆ. ದೂರದಲ್ಲಿ ಯಾರೋ ಕರೆದ ಹಾಗೆ,” ಎಂದರು. ಕಾಗದದ ಮೇಲೆ ಪಾದದ ಚಿತ್ರ ಬರೆದು, ಗೊತ್ತಾಗದ ಜಾಗಗಳಿಗೆಲ್ಲ ಕರಿ ಬಳಿದೆ. ಗುಳಿಯೊಂದು ಬಿಳಿಯಾಗಿ ಉಳಿಯಿತು. ಎಡಗಾಲೂ ಹೆಚ್ಚು ಕಡಿಮೆ ಹಾಗೆಯೇ ಇತ್ತು. ಆ ಚಿತ್ರವನ್ನು ತೋರಿಸಿ, ಈ ಕರಿ ಜಾಗಕ್ಕೆ ಇನ್ನು ಮುಂದೆ ಕಣ್ಣು ಕೈಗಳೇ ಚರ್ಮದ ಕೆಲಸ ಮಾಡಬೇಕು ಎಂದು ಹೇಳಿದೆ. ಬಹುಶಃ ಅದು ವಾಪಸ್ಸು ಬರುವುದಿಲ್ಲ ಎಂದೂ ಹೇಳಿದೆ.

ಆಕೆ ಚಿತ್ರದ ಕರಿಯ ಮೇಲೆ ಬೆರಳಾಡಿಸಿದರು. “ಇಷ್ಟೊಂದಾ?” ಎಂದರು, ಅಷ್ಟೇ.

ಮಗನ ಕಡೆ ತಿರುಗಿ ಹೇಳಿದೆ. ಬೆರಳು ಮುಚ್ಚುವ ಶೂ ಹಾಕಿಕೊಳ್ಳದೆ ಶೆಡ್ಡಿಗೆ ಕಾಲಿಡುವಂತಿಲ್ಲ. ಬೇಸಿನ್ನಿನ ಮುಂದೆ ಎತ್ತರದ ಸ್ಟೂಲು. ನೀರು ಎಲ್ಲಿಯದೇ ಆಗಲಿ, ಕಾಲಿಗೆ ಸೋಕುವ ಮುಂಚೆ ಸೊಸೆಯೇ ಮುಟ್ಟಿ ನೋಡಬೇಕು. ಬೇಸಿನ್ ಕೈಯವರು ಯಾರೂ ನೋಡುವಂತಿಲ್ಲ. ಹೊರಗೂ ಒಳಗೂ ಹೋಗಿ ಬಂದಾಗಲೆಲ್ಲ ಅಂಗಾಲು ನೋಡಿಕೊಳ್ಳಬೇಕು. ಅರ್ಧ ದಿನ ಮಾತ್ರ, ಮೊದಲ ತಿಂಗಳು.

“ಇದೆಲ್ಲ ನಾನ್ ಹೇಳಿದ್ರೆ ಅಮ್ಮಿ ಕೇಳಲ್ಲ ಮೇಡಂ,” ಎಂದ ಅವನು.

“ನೀನು ಹೇಳಿದ್ದು ಬೇಡ ಅಂತ,” ಎಂದರು ಆಕೆ. “ಅವರು ಹೇಳ್ತಿರೋದು ಹೇಗೆ ಅಂತ. ಕುರ್ಚಿ ತೆಗಿ ಬಾಗಿಲಿಂದ.”

ಸೊಸೆ ಹೊಸ ಶೂ ತಂದಿಟ್ಟಳು. ನಾನು ಅದನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿ, ಏನೂ ಇಲ್ಲ, ಹಾಕಿಕೊಳ್ಳಿ ಎಂದೆ. ಆಕೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಬೆರಳುಗಳನ್ನು ಒಳಗೆ ತೂರಿಸಿ, ಅಟ್ಟೆಯ ಮೇಲೆ ಮೆಲ್ಲಗೆ ಆಡಿಸಿದರು. ತುದಿಗೆ ಹೋಗಿ ನಿಂತರು. ಎರಡು ಬೆರಳಲ್ಲಿ ಏನನ್ನೋ ಹಿಡಿದು ತೆಗೆದು ನನ್ನ ಅಂಗೈಯಲ್ಲಿಟ್ಟರು. ಎಳ್ಳಿಗಿಂತ ಚಿಕ್ಕದೊಂದು ಮರಳು ಕಾಳು.

“ನೀರೊಳಗೆ ಗೂಡಿಂದ ಎಳೆ ತುದಿ ಹುಡುಕ್ತೀವಿ ನಾವು, ಕಣ್ಣಿಗೆ ಕಾಣಲ್ಲ ಅದು,” ಎಂದರು. “ಬಿಸಿ ಒಂದು ಗೊತ್ತಾಗಲ್ಲ ಈ ಕೈಗೆ. ಮಿಕ್ಕಿದ್ದೆಲ್ಲ ಗೊತ್ತಾಗುತ್ತೆ. ಕಾಲು ನಾನೇ ನೋಡ್ಕೋತೀನಿ ಬಿಡಿ.”

ಅಲ್ಲೇ ಕೂತು, ಬಲ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಹಿಮ್ಮಡಿಯಿಂದ ಬೆರಳ ಸಂದುಗಳವರೆಗೆ ಒಮ್ಮೆ ಸವರಿ ನೋಡಿದರು. ನಾಲ್ಕು ಬೆರಳು, ನಡುವೆ ಮೂರು ಸಂದು. ಆಮೇಲೆ ಶೂ ಹಾಕಿಕೊಂಡು ಎದ್ದು ಹಿಂದಿನ ಬಾಗಿಲು ದಾಟಿದರು. ಶೆಡ್ಡಿನಿಂದ ಹೆಂಗಸರು ಕೂಗಿ ಕರೆಯುವುದು ಕೇಳಿಸಿತು. ನಾನು ಮರಳು ಕಾಳನ್ನು ಕೊಡವಿ, ಸ್ಟೂಲು ಎಷ್ಟು ಎತ್ತರ ಇರಬೇಕೆಂದು ಅಳೆಯಲು ಅವರ ಹಿಂದೆಯೇ ಹೋದೆ.